ಹೇಳಿದವರು ಯಾರು? ಜಗತ್ತಿನ ಪುರಾಣ, ಐತಿಹ್ಯಗಳು ಅಂತರ್ಜಾಲಕ್ಕೆ ಬಂದ ಮೇಲೆ

2005ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳ ದೇವತೆಯೊಬ್ಬನ ಬಗ್ಗೆ ಒಂದು ಪುಟ್ಟ ಲೇಖನ ಸೇರಿಕೊಂಡಿತು. ಅವನ ಹೆಸರು ಜಾರ್‌ಎಡೊ ವೆನ್ಸ್. ಲೌಕಿಕ ಜ್ಞಾನಕ್ಕೂ ದೇಹಬಲಕ್ಕೂ ಅವನು ಅಧಿದೇವತೆ. ಮನುಷ್ಯರ ತಲೆಗೆ ಅಹಂಕಾರ ಏರದಿರಲೆಂದು ಆಲ್ಟ್‌ಜಿರನೆಂಬ ಹಿರಿಯ ದೇವರು ಅವನನ್ನು ಸೃಷ್ಟಿಸಿದ ಎಂದು ಅದರಲ್ಲಿ ಬರೆದಿತ್ತು. ಪುರಾಣದ ಧಾಟಿಗೆ ಇದು ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ, ಹತ್ತಿರ ಹತ್ತಿರ ಹತ್ತು ವರ್ಷ ಯಾರಿಗೂ ಅನುಮಾನ ಬರಲಿಲ್ಲ. 2015ರ ಮಾರ್ಚ್‌ನಲ್ಲಿ ಲೇಖನವನ್ನು ಅಳಿಸಿಹಾಕುವ ಹೊತ್ತಿಗೆ ಆ ಹೆಸರು ಅಚ್ಚಾದ ಪುಸ್ತಕವೊಂದರ ದೇವರ ಪಟ್ಟಿಯಲ್ಲೂ ಜಾಗ ಪಡೆದಿತ್ತು. ಅಂಥ ದೇವತೆ ಯಾವ ಬುಡಕಟ್ಟಿನಲ್ಲೂ ಇರಲಿಲ್ಲ. ಯಾರೋ ಕಿಡಿಗೇಡಿ ಜಾರೆಡ್ ಓವೆನ್ಸ್ ಎಂಬ ತೀರಾ ಸಾಮಾನ್ಯವಾದ ಇಂಗ್ಲಿಷ್ ಹೆಸರನ್ನು ಹಿಡಿದು, ಅಕ್ಷರಗಳ ನಡುವಿನ ಬಿಡುವನ್ನು ಅತ್ತಿತ್ತ ಸರಿಸಿ ದೇವರನ್ನು ಮಾಡಿದ್ದನೆಂದು ತೋರುತ್ತದೆ.

ಈ ಸುಳ್ಳನ್ನು ಹಿಡಿಯಲು ಆಸ್ಟ್ರೇಲಿಯದ ಪುರಾಣಗಳಲ್ಲಿ ಪಾಂಡಿತ್ಯವೇನೂ ಬೇಕಿರಲಿಲ್ಲ. ಈ ಕಥೆಯನ್ನು ಹೇಳಿದವರು ಯಾರು ಎಂಬ ಒಂದು ಪ್ರಶ್ನೆ ಸಾಕಿತ್ತು. ಯೂರೋಪಿಯನ್ನರು ಬಂದು ನೆಲೆಸುವ ಹೊತ್ತಿಗೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಂದೊಂದು ಭಾಷೆಯ ಜನರಿಗೂ ಅವರವರ ನೆಲಕ್ಕೆ ಅಂಟಿದ ಕಥೆಗಳಿದ್ದವು. ಈ ದೇವತೆ ಯಾವ ಭಾಷಿಕರವನು, ಯಾವ ಹಿರಿಯರು ಯಾರಿಗೆ ಈ ಕಥೆ ಹೇಳಿದರು, ಯಾವ ವರ್ಷ ಅದನ್ನು ಬರೆದುಕೊಂಡರು ಎಂಬ ಯಾವುದಕ್ಕೂ ಆ ಲೇಖನದಲ್ಲಿ ಉತ್ತರವಿರಲಿಲ್ಲ. ಕಥೆಗೆ ವಿಳಾಸವೇ ಇರಲಿಲ್ಲ. ಪುರಾಣ, ಐತಿಹ್ಯ, ಜನಪದ ಕಥೆಗಳ ಸಾಮಗ್ರಿ ಇವತ್ತು ಅಂತರ್ಜಾಲದಲ್ಲಿ ರಾಶಿಯಾಗಿ ಸಿಗುತ್ತದೆ. ಆದರೆ ಒಂದು ತಾಣದಿಂದ ಇನ್ನೊಂದಕ್ಕೆ, ಅಲ್ಲಿಂದ ಒಂದು ಚಿತ್ರದ ಮೇಲಿನ ನಾಲ್ಕು ಸಾಲಿಗೆ, ಅಲ್ಲಿಂದ ಒಂದು ನಿಮಿಷದ ವಿಡಿಯೊಗೆ ದಾಟುವಾಗ ಮೊದಲು ಕಳಚಿ ಬೀಳುವುದು ಈ ವಿಳಾಸ. ಹಾಗಾಗಿ ಯಾವ ತಾಣದಲ್ಲಿ ಎಷ್ಟು ಕಥೆಗಳಿವೆ ಎಂದು ಎಣಿಸುವುದಕ್ಕಿಂತ ಯಾವ ತಾಣ ಕಥೆಯ ವಿಳಾಸವನ್ನು ಉಳಿಸಿಕೊಂಡಿದೆ ಎಂದು ನೋಡುವುದು ಹೆಚ್ಚು ಉಪಯುಕ್ತ ಎಂಬುದು ಈ ಲೇಖನದ ವಾದ.

ಪದಗಳ ಬಗ್ಗೆ ಒಂದು ಮಾತು. ಜಾನಪದ ವಿದ್ವಾಂಸರು ಮೂರು ಬಗೆಗಳನ್ನು ಬೇರ್ಪಡಿಸುತ್ತಾರೆ. ಜಗತ್ತು, ಸಾವು, ಬೆಂಕಿ ಹೇಗೆ ಬಂದವೆಂದು ನಂಬಿಕೆಯಿಂದ ಹೇಳುವುದು ಪುರಾಣ. ಇಂಥ ಕಡೆ ಇಂಥವರಿಗೆ ಹೀಗಾಯಿತಂತೆ ಎಂದು ಹೇಳುವುದು ಐತಿಹ್ಯ. ಕಟ್ಟುಕಥೆಯೆಂದು ಗೊತ್ತಿದ್ದೂ ಸುಖಕ್ಕಾಗಿ ಹೇಳುವುದು ಜನಪದ ಕಥೆ. ಕನ್ನಡದ ‘ಪುರಾಣ’ ಎಂಬ ಮಾತಿಗೆ ಸಂಸ್ಕೃತದ ಒಂದು ಗ್ರಂಥವರ್ಗದ ಹೆಸರೂ ಆಗಿರುವ ಹೊರೆ ಇರುವುದರಿಂದ ಕೆಲವರು ‘ಮಿಥ್’ ಎಂದೇ ಬರೆಯುತ್ತಾರೆ. ಅಂತರ್ಜಾಲದಲ್ಲಿ ಈ ಗೆರೆಗಳೆಲ್ಲ ಅಳಿಸಿಹೋಗಿ ಎಲ್ಲವೂ ಒಂದೇ ಹಣೆಪಟ್ಟಿಯ ಕೆಳಗೆ ಬರುತ್ತವೆ. ನಂಬಿ ಹೇಳಿದ್ದು ಯಾವುದು, ನಗಿಸಲು ಹೇಳಿದ್ದು ಯಾವುದು ಎಂಬುದೂ ವಿಳಾಸದ ಭಾಗವೇ.

ಮೊದಲಿಗೆ, ಕೈಗೆ ಸಿಕ್ಕಿರುವುದು ಸಣ್ಣ ಸಂಪತ್ತಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಗ್ರಂಥಾಲಯದ ಕೆಲಸ ಆರಂಭವಾದದ್ದು 1987ರಲ್ಲಿ. ಗ್ರೀಕ್, ಲ್ಯಾಟಿನ್ ಕೃತಿಗಳ ಮೂಲವನ್ನು ಅನುವಾದದ ಪಕ್ಕದಲ್ಲಿಟ್ಟು ಓದಬಹುದು, ಯಾವುದೇ ಪದದ ಮೇಲೆ ಒತ್ತಿದರೆ ಅದರ ವ್ಯಾಕರಣವೂ ಅರ್ಥವೂ ತೆರೆದುಕೊಳ್ಳುತ್ತವೆ. ಪ್ರಾಚೀನ ಮೆಸೊಪೊಟೇಮಿಯದ ಸುಮೇರಿಯನ್ ಭಾಷೆಯ ಸುಮಾರು 400 ಸಾಹಿತ್ಯ ಕೃತಿಗಳ ಪಠ್ಯವನ್ನೂ ಅನುವಾದವನ್ನೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಜಾಲಕ್ಕೇರಿಸಿದೆ. 1999ರಲ್ಲಿ ಒಬ್ಬನೇ ವ್ಯಕ್ತಿಯ ಹಟದಿಂದ ಶುರುವಾದ ಸೇಕ್ರೆಡ್ ಟೆಕ್ಸ್ಟ್ಸ್ ತಾಣದಲ್ಲಿ ಈಜಿಪ್ಟ್‌ನಿಂದ ಪೆಸಿಫಿಕ್ ದ್ವೀಪಗಳವರೆಗಿನ ನೂರಾರು ಹಳೆಯ ಪುಸ್ತಕಗಳಿವೆ. ಐವತ್ತು ವರ್ಷಗಳ ಹಿಂದೆ ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯದ ಸದಸ್ಯತ್ವವಿಲ್ಲದೆ ಕಣ್ಣಿಗೂ ಬೀಳದಿದ್ದ ಸಾಮಗ್ರಿ ಇದು.

ವಿಳಾಸವಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಒಂದೇ ಕಥೆಯಲ್ಲಿ ನೋಡಬಹುದು. ಗ್ರೀಕ್ ಪುರಾಣದ ಮೆಡೂಸ ಸಾಮಾಜಿಕ ಮಾಧ್ಯಮಗಳಲ್ಲಿ ಬಹಳ ಸುತ್ತಾಡುವ ಹೆಸರು. ಅಲ್ಲಿ ಈಚೆಗೆ ಕಾಣುವ ಕಥೆ ಹೀಗಿದೆ: ಸಮುದ್ರದೇವ ಪೊಸೈಡನ್ ಸುಂದರಿ ಮೆಡೂಸಳ ಮೇಲೆ ಅಥೀನಾ ದೇವಿಯ ಗುಡಿಯಲ್ಲೇ ಅತ್ಯಾಚಾರ ಮಾಡಿದ, ಮುಂದೆಂದೂ ಯಾವ ಗಂಡಸೂ ಅವಳನ್ನು ಮುಟ್ಟದಿರಲೆಂದು ಅಥೀನಾ ಅವಳ ಕೂದಲನ್ನು ಹಾವಾಗಿಸಿ, ನೋಡಿದವರು ಕಲ್ಲಾಗುವ ವರವನ್ನು ಕರುಣಿಸಿದಳು. ಇದು ಪ್ರಾಚೀನ ಗ್ರೀಕರ ನಂಬಿಕೆ ಎಂಬಂತೆ ಹಂಚಿಕೆಯಾಗುತ್ತದೆ.

ಈಗ ಥಿಯೊಯ್ ಎಂಬ ತಾಣಕ್ಕೆ ಹೋಗಿ ಗೋರ್ಗನ್‌ಗಳ, ಅಂದರೆ ಮೆಡೂಸಳ ಜಾತಿಯ ರಾಕ್ಷಸಿಯರ, ಪುಟ ತೆರೆದರೆ ಬೇರೆಯೇ ನೋಟ ಸಿಗುತ್ತದೆ, ಏಕೆಂದರೆ ಅಲ್ಲಿ ಪ್ರತಿಯೊಂದು ಮಾತಿಗೂ ಕವಿಯ ಹೆಸರು, ಕೃತಿ, ಸಾಲಿನ ಸಂಖ್ಯೆ ಇರುತ್ತದೆ. ಕ್ರಿ.ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯಡ್‌ನ ಪ್ರಕಾರ ಸ್ಥೆನೊ, ಯೂರ್ಯಾಲೆ, ಮೆಡೂಸ ಎಂಬ ಮೂವರು ಅಕ್ಕತಂಗಿಯರು ಹುಟ್ಟಿನಿಂದಲೇ ಗೋರ್ಗನ್‌ಗಳು. ಅವರಲ್ಲಿ ಮೆಡೂಸಳಿಗೆ ಮಾತ್ರ ಸಾವುಂಟು. ಪೊಸೈಡನ್ ಅವಳೊಡನೆ ಮಲಗಿದ್ದು ವಸಂತದ ಹೂಗಳಿದ್ದ ಮೆತ್ತನೆಯ ಹುಲ್ಲುಗಾವಲಿನಲ್ಲಿ. ಅಲ್ಲಿ ಗುಡಿಯಿಲ್ಲ, ಶಾಪವಿಲ್ಲ, ಅಥೀನಾ ಕೂಡ ಇಲ್ಲ. ಗುಡಿಯೂ ಬಲಾತ್ಕಾರವೂ ಕೂದಲು ಹಾವಾಗುವುದೂ ಒಟ್ಟಿಗೆ ಬರುವುದು ಇದಾಗಿ ಸುಮಾರು ಏಳುನೂರು ವರ್ಷಗಳ ನಂತರ, ಲ್ಯಾಟಿನ್‌ನಲ್ಲಿ ಬರೆದ ರೋಮನ್ ಕವಿ ಓವಿಡ್‌ನಲ್ಲಿ. ಅವನು ಮಿನರ್ವ ಎಂದು ಕರೆಯುವ ಅದೇ ದೇವಿ ಅಥೀನಾ ಮುಖ ತಿರುಗಿಸಿಕೊಳ್ಳುತ್ತಾಳೆ, ಆ ಕೃತ್ಯಕ್ಕೆ ಶಿಕ್ಷೆಯಾಗದೆ ಹೋಗಬಾರದೆಂದು ಗೋರ್ಗನ್ನಳ ಕೂದಲನ್ನು ಹಾವಾಗಿಸುತ್ತಾಳೆ. ಕವಿ ಬಳಸುವ ಮಾತು ಶಿಕ್ಷೆ ಎಂದೇ ಇದೆ. ವರವೆಂಬ ಮೂರನೆಯ ರೂಪಕ್ಕೆ ಪ್ರಾಚೀನ ಆಕರವೇ ಇಲ್ಲ; ಅದು ನಮ್ಮ ಕಾಲದ್ದು.

ಮೂರನೆಯದು ಹೊಸದೆಂಬ ಕಾರಣಕ್ಕೆ ಅದನ್ನು ತಿಪ್ಪೆಗೆ ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಪುರಾಣವನ್ನು ಮರಳಿ ಹೇಳುವ ಹಕ್ಕು ಓವಿಡ್‌ಗೆ ಇದ್ದಷ್ಟೇ ಇಂದಿನವರಿಗೂ ಇದೆ. ಅವನೂ ತನ್ನ ಕಾಲದ ಅಧಿಕಾರಸ್ಥರನ್ನು ಮನಸ್ಸಿನಲ್ಲಿಟ್ಟುಕೊಂಡೇ ದೇವತೆಗಳ ಕ್ರೌರ್ಯವನ್ನು ಬರೆದನೆಂದು ಓದುವವರಿದ್ದಾರೆ. ತಕರಾರು ಇರುವುದು ಇಂದಿನ ಮಾತನ್ನು ಮೂರು ಸಾವಿರ ವರ್ಷ ಹಳೆಯದೆಂದು ಮಾರುವುದರ ಬಗ್ಗೆ. ಹಾಗೆ ಮಾಡಿದಾಗ ಗ್ರೀಕರೂ ಕಾಣೆಯಾಗುತ್ತಾರೆ, ಹೊಸ ಕಥೆಯನ್ನು ಕಟ್ಟಿದವರ ನೋವೂ ಧೈರ್ಯವೂ ಕಾಣೆಯಾಗುತ್ತವೆ.

ಪ್ರತಿ ವರ್ಷ ಈಸ್ಟರ್ ಹಬ್ಬದ ಹೊತ್ತಿಗೆ ತಪ್ಪದೆ ಬರುವ ಇನ್ನೊಂದು ಸಂದೇಶವೂ ಇದೇ ಜಾತಿಯದು: ಈಸ್ಟರ್ ಎಂಬ ಹೆಸರು ಮೆಸೊಪೊಟೇಮಿಯದ ಇಷ್ತಾರ್ ದೇವಿಯಿಂದ ಬಂತು, ಮೊಟ್ಟೆ ಮೊಲಗಳು ಅವಳ ಚಿಹ್ನೆಗಳು ಎಂದು. ಎರಡು ಹೆಸರುಗಳ ಉಚ್ಚಾರ ಹೋಲುವುದನ್ನು ಬಿಟ್ಟರೆ ಇದಕ್ಕೆ ಆಧಾರವಿಲ್ಲ. ಕ್ರಿ.ಶ. 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ ತಿಂಗಳುಗಳ ಹೆಸರನ್ನು ವಿವರಿಸುತ್ತ ಈಸ್ಟರ್ ಹೆಸರಿನ ಮೂಲವೆಂದು ಇಯೊಸ್ಟ್ರೆ ಎಂಬ ದೇವಿಯ ಹೆಸರನ್ನು ಒಮ್ಮೆ ಎತ್ತುತ್ತಾನೆ. ಆ ದೇವಿಯ ಬಗ್ಗೆ ಪ್ರಾಚೀನ ಬರವಣಿಗೆಯಲ್ಲಿ ಇರುವುದು ಅಷ್ಟೇ. ಮೊಲವೂ ಇಲ್ಲ, ಮೊಟ್ಟೆಯೂ ಇಲ್ಲ.

ಇಂಥ ತಪ್ಪುಗಳಿಗೆ ಓದುಗರ ಉದಾಸೀನವೊಂದೇ ಕಾರಣವಲ್ಲ. ಕಾನೂನಿನ ಕೈವಾಡವೂ ಇದೆ. ಅಮೆರಿಕದ ನಿಯಮದಂತೆ ಹಳೆಯ ಪ್ರಕಟಣೆಗಳ ಹಕ್ಕುಸ್ವಾಮ್ಯ ಮುಗಿಯುವುದು 95 ವರ್ಷಗಳಾದ ಮೇಲೆ. ಹಾಗಾಗಿ ಜಾಲದಲ್ಲಿ ಪುಕ್ಕಟೆಯಾಗಿ, ಯಾರ ಅನುಮತಿಯೂ ಇಲ್ಲದೆ ನಕಲಾಗಬಲ್ಲ ಅನುವಾದಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯದರ ಮೊದಲ ಮೂರು ದಶಕಗಳ ಸರಕು. ಅವುಗಳನ್ನು ಬರೆದವರಲ್ಲಿ ಮಿಷನರಿಗಳು, ವಸಾಹತು ಅಧಿಕಾರಿಗಳು, ಅಸಭ್ಯವೆನಿಸಿದ ಕಡೆ ಕತ್ತರಿ ಆಡಿಸಿದ ಸಭ್ಯ ಗೃಹಸ್ಥರು ಬಹಳ. ಈಜಿಪ್ಟ್‌ನ ದೇವತೆಗಳ ಬಗ್ಗೆ ಹುಡುಕಿದವರಿಗೆ ಮೊದಲು ಎದುರಾಗುವುದು ಬ್ರಿಟಿಷ್ ಮ್ಯೂಸಿಯಂನ ವಾಲಿಸ್ ಬಡ್ಜ್ ಅವರ ಪುಸ್ತಕಗಳು. ಅವರು ತೀರಿಕೊಂಡದ್ದು 1934ರಲ್ಲಿ. ಆಮೇಲೆ ಈಜಿಪ್ಟಿನ ಭಾಷೆಯ ವ್ಯಾಕರಣದ ತಿಳಿವಳಿಕೆ ಎಷ್ಟೋ ಮುಂದೆ ಹೋಗಿದೆ. ಹೊಸ, ನಿಖರವಾದ ಅನುವಾದಗಳು ದುಬಾರಿ ಪುಸ್ತಕಗಳಲ್ಲಿ ಕುಳಿತಿರುವಾಗ ನೂರು ವರ್ಷ ಹಳೆಯ ಊಹೆಗಳು ದಿನಕ್ಕೆ ಸಾವಿರ ಸಲ ನಕಲಾಗುತ್ತವೆ. ಹಳೆಯ ಅನುವಾದ ಓದಬಾರದೆಂದಲ್ಲ. ಮುಖಪುಟದ ಹಿಂದಿನ ಪ್ರಕಟಣೆಯ ವರ್ಷವನ್ನು ಮೊದಲು ನೋಡಿ, ಆಮೇಲೆ ದೇವತೆಯ ಬಳಿ ಹೋಗುವುದು ಒಳ್ಳೆಯದು.

ಜನಪದ ಕಥೆಗಳ ವಿಷಯದಲ್ಲಿ ವಿಳಾಸ ಇನ್ನಷ್ಟು ಜಾರುವ ವಸ್ತು. ಜರ್ಮನಿಯ ಗ್ರಿಮ್ ಸೋದರರ ಸಂಗ್ರಹ 1812ರಿಂದ 1857ರವರೆಗೆ ಏಳು ಬಾರಿ ಅಚ್ಚಾಯಿತು. ಪ್ರತಿ ಸಲವೂ ಕಥೆಗಳು ಸ್ವಲ್ಪ ಸ್ವಲ್ಪ ಬದಲಾದವು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಡಿ. ಎಲ್. ಆಶ್ಲಿಮನ್ ನಡೆಸಿದ ಫೋಕ್‌ಟೆಕ್ಸ್ಟ್ಸ್ ತಾಣ ನೋಡಲು ಹಳೆಯ ಕಾಲದ್ದು, ಬಣ್ಣವಿಲ್ಲ, ಬೆಡಗಿಲ್ಲ. ಆದರೆ ಅಲ್ಲಿ ಗೋಪುರದಲ್ಲಿ ಬಂದಿಯಾದ ನೀಳಗೂದಲಿನ ಹುಡುಗಿ ರಪುಂಜೆಲ್‌ಳ ಕಥೆಯ ಮೊದಲ ರೂಪವನ್ನೂ ಕೊನೆಯ ರೂಪವನ್ನೂ ಹೋಲಿಸಿ ಓದಬಹುದು. ರಾಜಕುಮಾರ ಗುಟ್ಟಾಗಿ ಬಂದುಹೋಗುವ ವಿಷಯ ಬಯಲಾಗುವುದು ಹೇಗೆ? 1812ರಲ್ಲಿ ಹುಡುಗಿ ಏನೂ ಅರಿಯದೆ ‘ನನ್ನ ಬಟ್ಟೆಯೆಲ್ಲ ಯಾಕೆ ಬಿಗಿಯಾಗುತ್ತಿದೆ’ ಎಂದು ಕೇಳಿಬಿಡುತ್ತಾಳೆ. ಬಸುರಿಯೆಂಬುದು ಕೇಳಿದವಳಿಗೆ ತಿಳಿಯುತ್ತದೆ. 1857ರಲ್ಲಿ ಅದೇ ಹುಡುಗಿ ‘ನಿನ್ನನ್ನು ಮೇಲಕ್ಕೆಳೆಯುವುದು ರಾಜಕುಮಾರನನ್ನು ಎಳೆಯುವುದಕ್ಕಿಂತ ಯಾಕಿಷ್ಟು ಭಾರ’ ಎಂದು ಕೇಳುವ ದಡ್ಡಿಯಾಗಿದ್ದಾಳೆ. ಮಕ್ಕಳ ಕೈಗೆ ಪುಸ್ತಕ ಹೋಗುತ್ತದೆಂದು ಬಸಿರನ್ನು ಮುಚ್ಚಿದಾಗ ಹುಡುಗಿಯ ಮುಗ್ಧತೆಯೂ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ಈ ಕಥೆ ಜರ್ಮನ್ ಹಳ್ಳಿಯ ಅಜ್ಜಿಯ ಬಾಯಿಂದ ಬಂದದ್ದೇ ಅಲ್ಲ. ಗ್ರಿಮ್ ಸೋದರರು ಅದನ್ನು ತೆಗೆದುಕೊಂಡದ್ದು 1790ರಲ್ಲಿ ಅಚ್ಚಾದ ಒಂದು ಜರ್ಮನ್ ಕಥೆಯಿಂದ. ಆ ಕಥೆ 1698ರಲ್ಲಿ ಫ್ರೆಂಚ್ ಲೇಖಕಿಯೊಬ್ಬರು ಬರೆದ ಕಥೆಯ ರೂಪಾಂತರ. ‘ಶುದ್ಧ ಜಾನಪದ’ ಎಂದು ನಾವು ಎತ್ತಿಕೊಳ್ಳುವುದರ ಹಿಂದೆ ಎಷ್ಟೋ ಸಲ ಅಚ್ಚಿನ ಶಾಯಿ ಇರುತ್ತದೆ.

ಆಶ್ಲಿಮನ್ ತಮ್ಮ ಕಥೆಗಳನ್ನು ಜೋಡಿಸಿರುವುದು ಆರ್ನೆ–ಥಾಂಪ್ಸನ್–ಊಥರ್ ಸೂಚಿಯ ಸಂಖ್ಯೆಗಳ ಪ್ರಕಾರ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಆರಂಭಿಸಿದ, ಅಮೆರಿಕದ ಸ್ಟಿತ್ ಥಾಂಪ್ಸನ್ 1928ರಲ್ಲೂ 1961ರಲ್ಲೂ ಬೆಳೆಸಿದ, 2004ರಲ್ಲಿ ಜರ್ಮನಿಯ ಹಾನ್ಸ್ ಯೋರ್ಗ್ ಊಥರ್ ಪರಿಷ್ಕರಿಸಿದ ಈ ಸೂಚಿಯಲ್ಲಿ ಒಂದೊಂದು ಕಥಾ ಮಾದರಿಗೂ ಒಂದು ಸಂಖ್ಯೆ. 510 ಎ ಎಂದು ಹುಡುಕಿದರೆ ಸಿಂಡರೆಲ್ಲಾಳ ನೆಂಟರೆಲ್ಲ ಸಿಗುತ್ತಾರೆ, 333 ಎಂದರೆ ಕೆಂಪು ಟೋಪಿಯ ಹುಡುಗಿಯ ಬಳಗ. ಹೆಸರಿಗಿಂತ ಸಂಖ್ಯೆ ಹಿಡಿದು ಹುಡುಕುವುದು ಅಭ್ಯಾಸವಾದರೆ ಹುಡುಕಾಟದ ಫಲಿತಾಂಶ ಒಮ್ಮೆಲೇ ಬದಲಾಗುತ್ತದೆ. ಜಾಹೀರಾತು ತುಂಬಿದ ಪುಟಗಳು ಹಿಂದೆ ಸರಿದು ಸಂಗ್ರಾಹಕರು ಮುಂದೆ ಬರುತ್ತಾರೆ. ಕಥೆಗಳಲ್ಲಿ ಮರಳಿ ಮರಳಿ ಬರುವ ಸಣ್ಣ ಸಣ್ಣ ಘಟಕಗಳಾದ ಆಶಯಗಳಿಗೆ ಥಾಂಪ್ಸನ್ ಮಾಡಿದ ಆರು ಸಂಪುಟಗಳ ಸೂಚಿಯೂ, ರಷ್ಯದ ಯೂರಿ ಬೆರಿಯೋಜ್ಕಿನ್ ಹಲವು ದಶಕಗಳಿಂದ ಬೆಳೆಸುತ್ತ ಬಂದ ಜಾಗತಿಕ ಆಶಯಗಳ ಪಟ್ಟಿಯೂ ಜಾಲದಲ್ಲಿವೆ.

ಈ ಸೂಚಿಗಳೇ ಈಗ ಕಂಪ್ಯೂಟರಿಗೆ ಊಡುವ ದತ್ತಾಂಶವಾಗಿವೆ. 2016ರಲ್ಲಿ ಸಾರಾ ಗ್ರಾಸಾ ದ ಸಿಲ್ವಾ ಮತ್ತು ಜಮ್ಶೀದ್ ತೆಹ್ರಾನಿ, ಜೀವಶಾಸ್ತ್ರಜ್ಞರು ಪ್ರಾಣಿಗಳ ವಂಶವೃಕ್ಷ ಬರೆಯಲು ಬಳಸುವ ಲೆಕ್ಕವನ್ನು 275 ಅದ್ಭುತ ಕಥೆಗಳಿಗೂ ಇಂಡೋ-ಯೂರೋಪಿಯನ್ ಭಾಷೆಗಳನ್ನಾಡುವ 50 ಜನಸಮುದಾಯಗಳಿಗೂ ಅನ್ವಯಿಸಿ, ಸೈತಾನನಿಗೆ ಮೋಸ ಮಾಡಿದ ಕಮ್ಮಾರನ ಕಥೆ ಕಂಚಿನ ಯುಗದಷ್ಟು ಹಳೆಯದಿರಬಹುದೆಂದು ವಾದಿಸಿದರು. ಪತ್ರಿಕೆಗಳಿಗೆ ಇದು ಹಬ್ಬವಾಯಿತು. ಫಲಿತಾಂಶ ಸ್ವಾರಸ್ಯಕರವೇ. ಆದರೆ ಲೆಕ್ಕಕ್ಕೆ ಸಿಗುವುದು ‘ಈ ಜನರಲ್ಲಿ ಈ ಕಥೆ ಉಂಟು, ಇಲ್ಲ’ ಎಂಬ ಗುರುತು ಮಾತ್ರ. ಉಂಟೆಂಬ ಗುರುತು ಬೀಳಬೇಕಾದರೆ ಯಾರಾದರೂ ಅಲ್ಲಿಗೆ ಹೋಗಿ ಕಥೆ ಬರೆದುಕೊಂಡಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಾಹಕರು ದಟ್ಟವಾಗಿ ಓಡಾಡಿದ್ದು ಯೂರೋಪಿನ ಉತ್ತರದಲ್ಲಿ. ಹೀಗಾಗಿ ಸೂಚಿಯಲ್ಲಿ ಖಾಲಿ ಇರುವ ಮನೆ ಕಥೆಯ ಕೊರತೆಯನ್ನು ಹೇಳುತ್ತದೋ ಕೇಳುವವರ ಕೊರತೆಯನ್ನೋ ಎಂಬ ಪ್ರಶ್ನೆ ಪ್ರತಿ ನಕ್ಷೆಯ ಹಿಂದೆಯೂ ನಿಂತಿರುತ್ತದೆ.

ವಿಳಾಸವನ್ನು ಬಹಳ ಅಚ್ಚುಕಟ್ಟಾಗಿ ಉಳಿಸಿಕೊಂಡ ಸಂಗ್ರಹವೊಂದನ್ನು ನೋಡಬೇಕೆಂದರೆ ಐರ್ಲೆಂಡಿನ ಡೂಖಸ್ ತಾಣಕ್ಕೆ ಹೋಗಬೇಕು. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಂದು ಕೆಲಸ ಒಪ್ಪಿಸಿತು: ಮನೆಯ, ನೆರೆಯ ಹಿರಿಯರ ಬಳಿ ಕುಳಿತು ಅವರಿಗೆ ಗೊತ್ತಿರುವುದನ್ನು ಬರೆದುಕೊಂಡು ಬನ್ನಿ. ಬಂದದ್ದು ಸುಮಾರು 7,40,000 ಪುಟ. ಇವತ್ತು ಆ ಪುಟಗಳನ್ನು ತೆರೆದರೆ ಹಲವು ಕಡೆ ಮಕ್ಕಳ ಸೊಟ್ಟಪಟ್ಟ ಕೈಬರಹ ಕಾಣುತ್ತದೆ. ಜೊತೆಗೆ ಶಾಲೆ ಯಾವುದು, ಬರೆದ ಮಗು ಯಾರು, ಹೇಳಿದವರು ಯಾರು, ಎಷ್ಟೋ ಕಡೆ ಅವರ ವಯಸ್ಸೆಷ್ಟು ಎಂಬ ವಿವರ. ಒಂದೇ ಗುಡ್ಡದ ಕಿನ್ನರರ ಬಗ್ಗೆ ಎರಡು ಪಕ್ಕದ ಶಾಲೆಗಳ ಮಕ್ಕಳು ಒಂದಕ್ಕೊಂದು ಒಪ್ಪದ ಎರಡು ಮಾತು ಬರೆದಿದ್ದರೆ ಎರಡೂ ಹಾಗೇ ಉಳಿಯುತ್ತವೆ. ತಿದ್ದಿ ಒಂದು ಮಾಡಲು ಸಂಪಾದಕ ನಡುವೆ ಬರುವುದಿಲ್ಲ. ಈ ಪುಟಗಳನ್ನು ಅಕ್ಷರಕ್ಕಿಳಿಸುತ್ತಿರುವುದು ಜಗತ್ತಿನ ನಾನಾ ಕಡೆ ಕುಳಿತ ಸ್ವಯಂಸೇವಕರು.

ಫಿನ್ಲೆಂಡಿನ ಉದಾಹರಣೆ ಇದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಫಿನ್ನಿಷ್ ಪುರಾಣವೆಂದರೆ ಜಗತ್ತಿಗೆ ಗೊತ್ತಿರುವುದು ಕಾಲೆವಾಲ: 1849ರ ಅಂತಿಮ ರೂಪದಲ್ಲಿ 50 ಸಂಧಿ, 22,795 ಸಾಲು. ಅದನ್ನು ಕಟ್ಟಿದವರು ವೈದ್ಯರಾಗಿದ್ದ ಎಲಿಯಾಸ್ ಲೋನ್ರೋಟ್. ಹಾಡುಗಾರರು ಬಿಡಿಬಿಡಿಯಾಗಿ ಹಾಡಿದ್ದನ್ನು ಅವರು ಜೋಡಿಸಿ, ಪಾತ್ರಗಳನ್ನು ಬೆಸೆದು, ಬೇಕಾದಲ್ಲಿ ಕೊಂಡಿಯ ಸಾಲು ಬರೆದು ಮಹಾಕಾವ್ಯ ಮಾಡಿದರು. ಆ ಬಿಡಿ ಹಾಡುಗಳೇ ಬೇಕೆಂದರೆ ಮೂವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಅಚ್ಚಾದ ಫಿನ್ನಿಷ್ ಜನಪದ ಹಾಡುಗಳ ಸಂಗ್ರಹವಿದೆ. ಅದರ ಸುಮಾರು 89,000 ಪಠ್ಯಗಳು ಈಗ ಜಾಲದಲ್ಲಿ ಉಚಿತ. ಲಾತ್ವಯಾರ್ವಿ ಹಳ್ಳಿಯ ಹಾಡುಗಾರ ಅರ್ಹಿಪ್ಪ ಪೆರ್ತುನೆನ್ ಹಾಡಿದ್ದೇನು, ಲೋನ್ರೋಟ್ ಅದನ್ನು ಏನು ಮಾಡಿದರು ಎಂದು ಯಾರು ಬೇಕಾದರೂ ಹೋಲಿಸಬಹುದು. ಭಾಷೆ ಗೊತ್ತಿಲ್ಲದವರಿಗೆ ಯಂತ್ರಾನುವಾದ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ, ನಿಜ. ಫಿನ್ನಿಷ್‌ಗೆ ಹತ್ತಿರದ ಕರೇಲಿಯನ್ ಭಾಷೆಯ ಹಳೆಯ ಪದಗಳ ಮುಂದೆ ಅದು ಮುಗ್ಗರಿಸುತ್ತದೆ.

ಹಸ್ತಪ್ರತಿಯ ಚಿತ್ರವನ್ನೇ ನೋಡಲು ಸಿಗುವ ಸೌಲಭ್ಯವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಮೆಕ್ಸಿಕೊದಲ್ಲಿ ಸಹಾಗೂನ್ ಎಂಬ ಫ್ರಾನ್ಸಿಸ್ಕನ್ ಪಾದ್ರಿಯೂ ಅಲ್ಲಿನ ಮೂಲನಿವಾಸಿಗಳಾದ ನಾವಾ ವಿದ್ವಾಂಸರೂ ಚಿತ್ರಕಾರರೂ ಸೇರಿ 1577ರ ಹೊತ್ತಿಗೆ ಮುಗಿಸಿದ ಹನ್ನೆರಡು ಭಾಗಗಳ ಫ್ಲಾರೆನ್ಸ್ ಹಸ್ತಪ್ರತಿಯನ್ನು 2023ರಲ್ಲಿ ಗೆಟ್ಟಿ ಸಂಸ್ಥೆ ಪೂರ್ತಿಯಾಗಿ ಜಾಲಕ್ಕೆ ತಂದಿತು. ಪುಟದಲ್ಲಿ ಎರಡು ಅಂಕಣಗಳು: ಒಂದರಲ್ಲಿ ನಾವಾ ಜನರ ಭಾಷೆಯಾದ ನಾವಾಟ್ಲ್, ಇನ್ನೊಂದರಲ್ಲಿ ಸ್ಪ್ಯಾನಿಷ್. ಎಷ್ಟೋ ಕಡೆ ಸ್ಪ್ಯಾನಿಷ್ ಭಾಗ ಚುಟುಕಾಗಿ ಮುಗಿದು, ಉಳಿದ ಜಾಗವನ್ನು ಚಿತ್ರಗಳು ತುಂಬಿವೆ. ಅಂದರೆ ಒಂದು ಅಂಕಣ ಇನ್ನೊಂದರ ಅನುವಾದವೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಇದು ಸಣ್ಣ ವಿಷಯವಲ್ಲ. ಸ್ಪ್ಯಾನಿಷ್ ದಂಡನಾಯಕ ಕೊರ್ಟೆಸ್‌ನನ್ನು ಅಜ್ಟೆಕರು ಮರಳಿ ಬಂದ ಕೆಟ್ಸಾಲ್ಕೊಆಟ್ಲ್ ದೇವರೆಂದು ನಂಬಿದರು ಎಂಬ ಪ್ರಸಿದ್ಧ ಕಥೆಗೆ ಮುಖ್ಯ ಆಧಾರ ಈ ಹಸ್ತಪ್ರತಿಯ ಹನ್ನೆರಡನೆಯ ಭಾಗ. ಅದು ಸಿದ್ಧವಾದದ್ದು ಕೊರ್ಟೆಸ್ ಮೆಕ್ಸಿಕೊಕ್ಕೆ ಬಂದಿಳಿದ 1519ರ ಘಟನೆಗಳಾಗಿ ದಶಕಗಳು ಕಳೆದ ಮೇಲೆ. ಕೊರ್ಟೆಸ್ ತಾನೇ ಅರಸನಿಗೆ ಬರೆದ ಪತ್ರಗಳಲ್ಲಿ, ಹಿಂದೆ ಹೊರಟುಹೋದ ಒಡೆಯನೊಬ್ಬನ ವಂಶದವರು ಬರುವರೆಂಬ ಮಾತಿದೆಯೇ ಹೊರತು ಆ ದೇವರ ಹೆಸರಿಲ್ಲ. ಗೆದ್ದವರಿಗೂ ಸೋತವರಿಗೂ ಆ ಕಥೆ ಆಮೇಲೆ ಬೇಕಾಯಿತೆಂದು ಇಂದಿನ ಅನೇಕ ಇತಿಹಾಸಕಾರರು ಭಾವಿಸುತ್ತಾರೆ. ಮಾಯಾ ಜನರ ಪುರಾಣಗ್ರಂಥ ಪೊಪೊಲ್ ವುಹ್ ಕೂಡ ಇಂಥದೇ ಎರಡು ಅಂಕಣಗಳ ಹಸ್ತಪ್ರತಿಯಲ್ಲಿ ಉಳಿದಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹಿಮೇನೆಸ್ ಎಂಬ ಪಾದ್ರಿ ಮಾಡಿಕೊಂಡ ಆ ಪ್ರತಿ ಷಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ, ಅದರ ಚಿತ್ರಗಳು ಜಾಲದಲ್ಲಿವೆ.

ಮೆಸೊಪೊಟೇಮಿಯದವರು ಬರೆದಿಟ್ಟ ಮಣ್ಣಿನ ಫಲಕಗಳ ಲೋಕದಲ್ಲಿ ಕಥೆಗಳಿಗೆ ತೂತುಗಳಿರುತ್ತವೆ. ಇನಾನ್ನ ದೇವಿ ಪಾತಾಳಕ್ಕಿಳಿಯುವ ಸುಮೇರಿಯನ್ ಕಾವ್ಯವನ್ನು ಆಕ್ಸ್‌ಫರ್ಡ್‌ನ ತಾಣದಲ್ಲಿ ಓದುವಾಗ ಅಲ್ಲಲ್ಲಿ ಕೆಲವು ಪ್ರತಿಗಳಲ್ಲಿ ಬೇರೆ ಪಾಠವಿದೆಯೆಂಬ, ಸಾಲು ಒಡೆದುಹೋಗಿದೆಯೆಂಬ ಸೂಚನೆಗಳು ಕಾಣುತ್ತವೆ. ಏಳು ಬಾಗಿಲುಗಳಲ್ಲಿ ಒಂದೊಂದು ಆಭರಣ, ಒಂದೊಂದು ಉಡುಪು ಕಳೆದುಕೊಂಡು ಅವಳು ಬರಿಮೈಯಲ್ಲಿ ಪಾತಾಳದ ಒಡತಿಯಾದ ಅಕ್ಕನ ಮುಂದೆ ನಿಲ್ಲುವುದನ್ನು ‘ಅಹಂಕಾರ ಕಳಚುವ ಆತ್ಮಯಾನ’ವೆಂದು ವಿವರಿಸುವ ಪುಟಗಳಿಗೆ ಜಾಲದಲ್ಲಿ ಲೆಕ್ಕವಿಲ್ಲ. ಕಾವ್ಯದಲ್ಲಿ ಅವಳು ಬಾಗಿಲು ಕಾಯುವವನಿಗೆ ಹೇಳುವ ಕಾರಣ, ಅಕ್ಕನ ಗಂಡನ ಉತ್ತರಕ್ರಿಯೆಗೆ ಬಂದಿದ್ದೇನೆ ಎಂಬುದು. ಅವಳ ನಿಜವಾದ ಉದ್ದೇಶವೇನೆಂದು ಕವಿ ಬಾಯಿಬಿಡುವುದಿಲ್ಲ. ಆ ಮೌನವೇ ಕಾವ್ಯದ ಸೊಗಸು ಎಂದು ನನಗನ್ನಿಸುತ್ತದೆ. ವಿವರಣೆ ಅದನ್ನು ಗಾರೆ ಹಾಕಿ ಮುಚ್ಚುತ್ತದೆ.

ಇದೇ ಕ್ಷೇತ್ರದಲ್ಲಿ ಕೃತಕ ಬುದ್ಧಿಮತ್ತೆ ಮಾಡುತ್ತಿರುವ ಒಳ್ಳೆಯ ಕೆಲಸವನ್ನೂ ಹೇಳಬೇಕು. ಮ್ಯೂನಿಕ್‌ನ ವಿಶ್ವವಿದ್ಯಾಲಯದ ಬ್ಯಾಬಿಲೋನಿಯನ್ ಡಿಜಿಟಲ್ ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿ ಚದುರಿಹೋದ ಒಡಕು ಫಲಕಗಳ ಪಠ್ಯವನ್ನು ಒಂದೆಡೆ ತಂದು, ಯಾವ ಚೂರು ಯಾವ ಕೃತಿಗೆ ಸೇರಿದ್ದೆಂದು ಕಂಪ್ಯೂಟರಿನಿಂದ ಹೊಂದಿಸುತ್ತಿದೆ. ಬ್ಯಾಬಿಲೋನ್ ನಗರವನ್ನು ಹೊಗಳುವ ಸುಮಾರು 250 ಸಾಲಿನ ಸ್ತುತಿಯೊಂದನ್ನು 2025ರಲ್ಲಿ ಮ್ಯೂನಿಕ್ ಮತ್ತು ಬಾಗ್ದಾದ್‌ನ ವಿದ್ವಾಂಸರು ಬೆಳಕಿಗೆ ತಂದಾಗ, ಅದೇ ಕೃತಿಯ ಇನ್ನೂ 30 ಪ್ರತಿಗಳನ್ನು ಗುರುತಿಸಲು ನೆರವಾದದ್ದು ಇದೇ ವ್ಯವಸ್ಥೆ. ಇಲ್ಲಿ ಯಂತ್ರ ಮಾಡಿದ್ದು ಅಲೆಮಾರಿ ಚೂರಿಗೆ ವಿಳಾಸ ಹುಡುಕುವ ಕೆಲಸ.

ಪ್ರಶ್ನೆ ಕೇಳಿದರೆ ಉತ್ತರಿಸುವ ಮಾತುಗಾರ ಯಂತ್ರಗಳು ಮಾಡುವುದು ಬಹುತೇಕ ಇದಕ್ಕೆ ತದ್ವಿರುದ್ಧ. ಮೆಡೂಸಳ ಕಥೆ ಹೇಳೆಂದರೆ ಅವು ಹೆಸಿಯಡ್‌ನ ಅಕ್ಕತಂಗಿಯರನ್ನೂ ಓವಿಡ್‌ನ ಗುಡಿಯನ್ನೂ ಈ ದಶಕದ ವರವನ್ನೂ ಹೊಲಿಗೆ ಕಾಣದಂತೆ ಒಂದೇ ಬಟ್ಟೆ ಮಾಡಿಕೊಡಬಲ್ಲವು. ಓದಿದ್ದರಲ್ಲಿ ಹೆಚ್ಚು ಸಲ ಕಂಡದ್ದನ್ನು ಮುಂದೆ ತರುವುದು ಅವುಗಳ ಸ್ವಭಾವವಾದ್ದರಿಂದ, ಹೆಚ್ಚು ನಕಲಾದ ತಪ್ಪಿಗೆ ಕಡಿಮೆ ಓದಿದ ಸತ್ಯಕ್ಕಿಂತ ಬಲ ಬರುತ್ತದೆ. ಆಕರ ಕೇಳಿದರೆ ಇಲ್ಲದ ಸಾಲಿನ ಸಂಖ್ಯೆ ಕೊಡುವುದೂ ಉಂಟು. ಸಂಖ್ಯೆ ಸಿಕ್ಕಮೇಲೆ ಪರ್ಸಿಯಸ್‌ಗೆ ಹೋಗಿ ಆ ಸಾಲನ್ನು ತೆರೆದು ನೋಡುವುದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಕೊಡುವವರಿಗೆ ಯಂತ್ರ ಒಳ್ಳೆಯ ಸೇವಕ.

ಎಲ್ಲ ಕಥೆಗಳೂ ಜಾಲಕ್ಕೆ ಬರಬೇಕೆ ಎಂಬ ಪ್ರಶ್ನೆ ಬೇರೆಯೇ ಇದೆ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರಲ್ಲಿ ಕಯೋಟಿ ನರಿಯ ಕಥೆಗಳನ್ನು ಹೇಳುವುದು ಚಳಿಗಾಲದಲ್ಲಿ ಮಾತ್ರ. ಆಸ್ಟ್ರೇಲಿಯದ ಹಲವು ಜನರಲ್ಲಿ ಕೆಲವು ಕಥೆಗಳು ಹೆಂಗಸರವು, ಕೆಲವು ಗಂಡಸರವು. ತೀರಿಕೊಂಡವರ ಚಿತ್ರವನ್ನು ತೋರಿಸುವುದಕ್ಕೂ ನಿಷೇಧಗಳಿವೆ. ಅಲ್ಲಿನ ವಾರುಮುಂಗು ಸಮುದಾಯದೊಡನೆ ಸೇರಿ ರೂಪಿಸಿದ ಮುಕುರ್ತು ಎಂಬ ತಂತ್ರಾಂಶ ಈ ಕಟ್ಟುಪಾಡುಗಳನ್ನೇ ಕೀಲಿಯನ್ನಾಗಿ ಮಾಡಿಕೊಂಡಿದೆ: ಯಾವ ಕಡತವನ್ನು ಯಾರು ತೆರೆಯಬಹುದೆಂದು ಸಮುದಾಯವೇ ತೀರ್ಮಾನಿಸುತ್ತದೆ. ಜ್ಞಾನ ಎಲ್ಲರದೂ ಎಂಬ ಘೋಷಣೆಗೆ ಒಗ್ಗಿಹೋದವರಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ನೂರು ವರ್ಷದ ಹಿಂದೆ ಸಂಗ್ರಾಹಕನೊಬ್ಬ ಕದ್ದು ಕೇಳಿ ಬರೆದದ್ದು ಇಂದು ಪುಕ್ಕಟೆಯಾಗಿ ಸಿಗುತ್ತದೆಂಬ ಮಾತ್ರಕ್ಕೆ ಕಥೆಯವರ ಒಪ್ಪಿಗೆ ಸಿಕ್ಕಂತಾಗುವುದಿಲ್ಲ.

ಸಿಕ್ಕದ್ದು ನಾಳೆಯೂ ಇರುತ್ತದೆಂಬ ಖಾತ್ರಿಯೂ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾದ ಮೇಲೆ ಬ್ರಿಟಿಷ್ ಲೈಬ್ರರಿಯ ಹಸ್ತಪ್ರತಿಗಳ ಚಿತ್ರಗಳು ತಿಂಗಳುಗಟ್ಟಲೆ ಕಾಣೆಯಾದವು. ಮರುವರ್ಷ ಹಳೆಯ ಪುಸ್ತಕ, ಜಾಲಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಮೇಲೂ ದಾಳಿ ನಡೆಯಿತು. ಆಕ್ಸ್‌ಫರ್ಡ್‌ನ ಸುಮೇರಿಯನ್ ತಾಣಕ್ಕೆ ಹಣ ನಿಂತದ್ದು 2006ರಲ್ಲೇ.

ಕೊನೆಗೆ, ನಾನು ಪದೇ ಪದೇ ಮರಳುವ ಒಂದು ಸಂಗ್ರಹ. 1871ರಲ್ಲಿ ಕೇಪ್‌ಟೌನ್‌ನ ಸೆರೆಮನೆಯಿಂದ ದಕ್ಷಿಣ ಆಫ್ರಿಕದ ಮೂಲನಿವಾಸಿಗಳಾದ ಸಾನ್ ಜನರ ಕಾಬೊ ಎಂಬ ಮುದುಕನನ್ನು ಭಾಷಾವಿಜ್ಞಾನಿ ವಿಲ್ಹೆಲ್ಮ್ ಬ್ಲೀಕ್ ಅವರ ಮನೆಗೆ ಕರೆತಂದರು. ಅವನ ಹೆಸರಿನ ಮೊದಲಲ್ಲಿ ನಾಲಗೆ ಲೊಚಗುಟ್ಟುವ ಒಂದು ಧ್ವನಿ ಇದೆ, ಕನ್ನಡ ಲಿಪಿಗೆ ಅದು ಸಿಗುವುದಿಲ್ಲ; ಹೆಸರಿನ ಅರ್ಥ ಕನಸು. ಬ್ಲೀಕ್ ಮತ್ತು ಅವರ ನಾದಿನಿ ಲೂಸಿ ಲಾಯ್ಡ್ ಅವನ ಬಾಯಿಂದಲೂ ಅವನ ಜನರಿಂದಲೂ ಕೇಳಿ ಬರೆದ ಪುಟಗಳು ಹತ್ತು ಸಾವಿರಕ್ಕೂ ಹೆಚ್ಚು. ಆ ಭಾಷೆಯನ್ನು ಆಡುವವರು ಈಗ ಯಾರೂ ಉಳಿದಿಲ್ಲ. ಕೇಪ್‌ಟೌನ್ ವಿಶ್ವವಿದ್ಯಾಲಯದ ತಾಣದಲ್ಲಿ ಆ ನೋಟ್‌ಪುಸ್ತಕಗಳನ್ನು ಹಾಳೆ ಹಾಳೆಯಾಗಿ ತಿರುವಬಹುದು. ಮ್ಯಾಂಟಿಸ್ ಎಂಬ ಕೀಟದ ರೂಪದ ಕಾಗೆನ್ ದೇವರು ಅಳಿಯನ ಒಂದು ಚಪ್ಪಲಿಯನ್ನು ನೀರಿಗೆ ಹಾಕಿ, ಜೇನು ಉಣಿಸಿ ದೊಡ್ಡ ಜಿಂಕೆಯನ್ನು ಸೃಷ್ಟಿಸಿದ ಕಥೆ ಅಲ್ಲಿದೆ. ಒಂದು ಅಂಕಣದಲ್ಲಿ ಅವರ ಮಾತು, ಇನ್ನೊಂದರಲ್ಲಿ ಇಂಗ್ಲಿಷ್. ಎದುರು ಪುಟದಲ್ಲಿ, ಕೇಳಿದ ಪ್ರಶ್ನೆಗೆ ಅವನು ನಡುವೆ ನಿಲ್ಲಿಸಿ ಹೇಳಿದ ವಿವರಣೆಗಳು. 1873ರಲ್ಲಿ ಕಾಬೊ ತನ್ನ ಊರಿಗೆ ಮರಳುವ ಮೊದಲು ಹೇಳಿದ ಒಂದು ಮಾತನ್ನೂ ಲಾಯ್ಡ್ ಬರೆದಿಟ್ಟಿದ್ದಾರೆ. ಕಥೆಗಳು ಗಾಳಿಯಂತೆ ದೂರದಿಂದ ತೇಲಿ ಬರುತ್ತವೆ, ಇಲ್ಲಿ ತನಗೆ ಅವು ಕೇಳಿಸುತ್ತಿಲ್ಲ, ಚಂದ್ರ ತಿರುಗಿ ಬರಲೆಂದು ಕಾಯುತ್ತಿದ್ದೇನೆ, ತನ್ನ ನೆಲದಲ್ಲಿ ಕುಳಿತು ಅವುಗಳಿಗೆ ಕಿವಿಗೊಡಬೇಕು ಎಂದು ಅವನು ಹೇಳಿದ್ದ.